ಬೆಂಬಲ ಗುಂಪು ಮತ್ತು ಗುಂಪು ಚಿಕಿತ್ಸೆ

ಕುಡಿತದ ಚಟ, ಖಿನ್ನತೆ, ಮಕ್ಕಳನ್ನು ಕಳೆದುಕೊಂಡ ದುಃಖ, ಕ್ಯಾನ್ಸರಿನಂಥ ಕಾಯಿಲೆ ತರುವ ಭಯ, ಇಂಥ ಕಷ್ಟಗಳಲ್ಲಿ ಸಿಕ್ಕಿದವರನ್ನು ಒಟ್ಟಿಗೆ ಕೂರಿಸಿ ಮಾತಿನ ಮೂಲಕವೇ ನೆರವಾಗುವ ಎರಡು ಪದ್ಧತಿಗಳು ಇಂದು ಬಳಕೆಯಲ್ಲಿವೆ. ಒಂದು, ಅದೇ ಕಷ್ಟವನ್ನು ಉಂಡವರೇ ಸೇರಿ ನಡೆಸುವ ಬೆಂಬಲ ಗುಂಪು. ಇನ್ನೊಂದು, ತರಬೇತಿ ಪಡೆದ ಮನೋಚಿಕಿತ್ಸಕರು ನಡೆಸುವ ಗುಂಪು ಚಿಕಿತ್ಸೆ. ಬಾಗಿಲಲ್ಲಿ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ದುಂಡಗೆ ಹಾಕಿದ ಕುರ್ಚಿಗಳು, ಎಂಟು ಹತ್ತು ಮಂದಿ, ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತ ಕೂತಿರುವುದು, ನಡುವೆ ಒಂದಿಷ್ಟು ಅಳು, ಒಂದಿಷ್ಟು ನಗು. ಹಾಗಾಗಿ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಒಳಗೆ ನಡೆಯುವ ಕೆಲಸ ಮಾತ್ರ ಬೇರೆ ಬೇರೆ. ಈ ವ್ಯತ್ಯಾಸ ತಿಳಿಯದೆ, ತಮಗೆ ಬೇಕಾದ್ದು ಒಂದಿರುವಾಗ ಇನ್ನೊಂದಕ್ಕೆ ಹೋಗಿ ಕೂತವರು, 'ಇದರಿಂದೇನೂ ಆಗುವುದಿಲ್ಲ' ಎಂದು ಎರಡರ ಮೇಲೂ ನಂಬಿಕೆ ಕಳೆದುಕೊಂಡು ಮನೆಗೆ ಮರಳುತ್ತಾರೆ.

ಬೆಂಬಲ ಗುಂಪುಗಳ ಪೈಕಿ ಅತ್ಯಂತ ಹೆಸರಾದದ್ದು ಕುಡಿತ ಬಿಡಲು ಬಯಸುವವರ ಆಲ್ಕೊಹಾಲಿಕ್ಸ್ ಅನಾನಿಮಸ್, ಚುಟುಕಾಗಿ ಎಎ. ಅದು ಹುಟ್ಟಿದ ರೀತಿಯಲ್ಲೇ ಈ ಬಗೆಯ ಗುಂಪುಗಳ ಗುಟ್ಟು ಇದೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಬಂದಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟಿತು, ಕೈ ಬರಿದಾಯಿತು. ಇಳಿದುಕೊಂಡಿದ್ದ ಹೋಟೆಲಿನ ಬಾರ್ ಕೈಬೀಸಿ ಕರೆಯುತ್ತಿತ್ತು. ಆಗ ಅವರು ಟೆಲಿಫೋನಿನ ಬಳಿಗೆ ಹೋಗಿ ಊರಿನ ಚರ್ಚುಗಳ ಪಾದ್ರಿಗಳಿಗೆ ಕರೆಮಾಡಿ, ಮಾತಾಡಲು ಯಾರಾದರೂ ಒಬ್ಬ ಕುಡುಕ ಸಿಗಬಹುದೇ ಎಂದು ವಿಚಾರಿಸಿದರು. ಹಾಗೆ ಸಿಕ್ಕವರು ಅದೇ ಊರಿನ ಶಸ್ತ್ರಚಿಕಿತ್ಸಕ ಡಾ. ರಾಬರ್ಟ್ ಸ್ಮಿತ್. ಕಾಲು ಗಂಟೆ ಕೂತರೆ ಹೆಚ್ಚು ಎಂದುಕೊಂಡು ಬಂದ ಸ್ಮಿತ್ ಗಂಟೆಗಟ್ಟಲೆ ಮಾತಾಡಿ ಎದ್ದರು. ಅವರು ಕಡೆಯ ಸಲ ಕುಡಿದದ್ದು 1935ರ ಜೂನ್ 10ರಂದು ಎಂದು ಲೆಕ್ಕ. ಆ ದಿನವನ್ನೇ ಎಎ ತನ್ನ ಹುಟ್ಟಿದ ದಿನವಾಗಿ ಆಚರಿಸುತ್ತದೆ.

ಸ್ಮಿತ್ ಸ್ವತಃ ವೈದ್ಯರು. ಮದ್ಯ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎದುರಿಗೆ ಕೂತವನು ಉಪದೇಶ ಮಾಡಲು ಬಂದವನಲ್ಲ, ತಾನು ಮತ್ತೆ ಕುಡಿಯದಿರಲು ತನ್ನಂಥವನೊಬ್ಬನ ಸಂಗ ಬೇಕೆಂದು ಬಂದವನು ಎಂಬುದೇ ಅವರನ್ನು ತಟ್ಟಿತು. ನೆರವು ಕೊಡುವವನಿಗೇ ನೆರವು ಸಿಗುತ್ತದೆ ಎಂಬ ಈ ಸಂಗತಿಗೆ ಅಮೆರಿಕದ ಸಮಾಜವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲಿ ಒಂದು ತತ್ತ್ವದ ರೂಪ ಕೊಟ್ಟರು. ಬೆಂಬಲ ಗುಂಪಿನಲ್ಲಿ ಕೊಡುವವರು ಮತ್ತು ಪಡೆಯುವವರು ಎಂಬ ಎರಡು ಜಾತಿ ಇಲ್ಲ. ಇವತ್ತು ಪಡೆದವರು ನಾಳೆ ಕೊಡುತ್ತಾರೆ, ಕೊಡುತ್ತಲೇ ಗಟ್ಟಿಯಾಗುತ್ತಾರೆ. ಎಷ್ಟೇ ಕರುಣೆಯುಳ್ಳ ವೈದ್ಯರಾದರೂ ಈ ಒಂದನ್ನು ರೋಗಿಗೆ ಕೊಡಲಾರರು.

ಗುಂಪು ಚಿಕಿತ್ಸೆಯ ಮೂಲ ಆಸ್ಪತ್ರೆಯಲ್ಲಿದೆ. ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ 1905ರಲ್ಲಿ ಸ್ಯಾನಟೋರಿಯಮ್ಮಿಗೆ ಹೋಗಲು ಶಕ್ತಿಯಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಸೇರಿಸಿ ಒಂದು ತರಗತಿ ನಡೆಸತೊಡಗಿದರು. ಹೇಗೆ ವಿಶ್ರಾಂತಿ ತೆಗೆದುಕೊಳ್ಳಬೇಕು, ಏನು ತಿನ್ನಬೇಕು, ಹೊರಗಿನ ಗಾಳಿಯಲ್ಲಿ ಹೇಗೆ ಮಲಗಬೇಕು ಎಂದು ಹೇಳಿಕೊಡುವುದು ಅವರ ಉದ್ದೇಶವಾಗಿತ್ತು. ಪಾಠದ ಜೊತೆಗೆ, ಒಬ್ಬರ ಚೇತರಿಕೆ ಕಂಡು ಇನ್ನೊಬ್ಬರಿಗೆ ಬರುತ್ತಿದ್ದ ಧೈರ್ಯವೂ ಕೆಲಸ ಮಾಡುತ್ತಿದೆ ಎಂಬುದು ಕ್ರಮೇಣ ಅವರಿಗೆ ಮನವರಿಕೆಯಾಯಿತು. ಗುಂಪು ಚಿಕಿತ್ಸೆ ಎಂಬ ಹೆಸರನ್ನು 1930ರ ದಶಕದ ಆರಂಭದಲ್ಲಿ ರೂಢಿಗೆ ತಂದವರು ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ಜೇಕಬ್ ಮೊರೆನೊ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್ ಮಿಲಿಟರಿ ಆಸ್ಪತ್ರೆ ಇದರ ದೊಡ್ಡ ಪ್ರಯೋಗಶಾಲೆಯಾಯಿತು. ಮನಸ್ಸು ಕುಸಿದ ಸೈನಿಕರು ನೂರಾರು, ಮನೋವೈದ್ಯರು ಬೆರಳೆಣಿಕೆ. ವಿಲ್‌ಫ್ರೆಡ್ ಬಯಾನ್, ಎಸ್. ಎಚ್. ಫೌಕ್ಸ್ ಮೊದಲಾದವರು ಅಲ್ಲಿ ಗುಂಪುಗಳನ್ನು ಕಟ್ಟಿದರು, ಗುಂಪಿನೊಳಗೆ ಹುಟ್ಟುವ ಸಿಟ್ಟು, ಅವಲಂಬನೆ, ಓಡಿಹೋಗುವ ಆಸೆ ಇವನ್ನೇ ಅಭ್ಯಾಸ ಮಾಡಿದರು. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ 1970ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕ ಈ ವಿದ್ಯೆಗೆ ಒಂದು ಚೌಕಟ್ಟು ಕಟ್ಟಿಕೊಟ್ಟಿತು. ಮನೋಚಿಕಿತ್ಸೆಯ ವಿದ್ಯಾರ್ಥಿಗಳು ಅದನ್ನು ಇವತ್ತಿಗೂ ಓದುತ್ತಾರೆ.

ಎಎ ಸಭೆಯೊಂದು ನಡೆಯುವ ಬಗೆ ಹೀಗೆ. ಚರ್ಚಿನ ಹಿಂಬದಿಯ ಕೋಣೆ, ಶಾಲೆಯ ಒಂದು ತರಗತಿ, ಸಮುದಾಯ ಭವನದ ಮೂಲೆ, ಎಲ್ಲಿಯಾದರೂ ಆದೀತು. ಬಂದವರಿಗೆ ಫಾರಂ ತುಂಬುವ ಕೆಲಸವಿಲ್ಲ, ಚೀಟಿ ಮಾಡಿಸಬೇಕಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಅವರು ಸದಸ್ಯರು. ಅಂದಿನ ಸಭೆ ನಡೆಸುವವರೂ ಕುಡಿತ ಬಿಟ್ಟವರೇ. ಮುಂದಿನ ಸಲ ಆ ಜಾಗದಲ್ಲಿ ಬೇರೊಬ್ಬರಿರುತ್ತಾರೆ. ಮಾತಿಗೆ ಎದ್ದವರು ತಮ್ಮ ಮೊದಲ ಹೆಸರನ್ನಷ್ಟೇ ಹೇಳಿ, ತಾವು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ತಮ್ಮ ಕಥೆ ಹೇಳುತ್ತಾರೆ. ಮೊದಲು ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ, ಇಷ್ಟೇ ಅದರ ಹಾಸು. ಸಂಬಳದ ದಿನ ಹೆಂಡತಿ ಗೇಟಿನ ಹತ್ತಿರ ಕಾಯುತ್ತಿದ್ದದ್ದು, ಹಿಂದಿನ ಬಾಗಿಲಿನಿಂದ ತಪ್ಪಿಸಿಕೊಂಡು ಹೋದದ್ದು, ಮಗಳ ಶಾಲೆಯ ಫೀಸಿನ ದುಡ್ಡು ಖರ್ಚಾದದ್ದು, ಎಲ್ಲ ಬರುತ್ತದೆ. ಹೇಳಿ ಮುಗಿಸಿದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ, ತಪ್ಪು ತೋರಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮುಂದಿನವರು ತಮ್ಮ ಕಥೆ ಶುರುಮಾಡುತ್ತಾರೆ. ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಬಾಡಿಗೆ, ಚಹಾ, ಪುಸ್ತಕಗಳ ಖರ್ಚು ಅದರಲ್ಲೇ ಆಗಬೇಕು. ಹೊರಗಿನವರ ದೇಣಿಗೆಯನ್ನು ಎಎ ಮುಟ್ಟುವುದಿಲ್ಲ. ಸದಸ್ಯರಿಗೆ ನೆರವಾಗುವ ಕೆಲಸಕ್ಕೆ ಸಂಬಳದ ಪರಿಣತರನ್ನು ನೇಮಿಸಿಕೊಳ್ಳುವುದೂ ಇಲ್ಲ. 1950ರಲ್ಲಿ ಕ್ಲೀವ್‌ಲ್ಯಾಂಡಿನ ಸಮಾವೇಶದಲ್ಲಿ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳಲ್ಲಿ ಈ ಎರಡೂ ಸೇರಿವೆ.

ಗುಂಪು ಚಿಕಿತ್ಸೆಗೆ ಹೀಗೆ ಬಾಗಿಲು ತಳ್ಳಿಕೊಂಡು ಬರುವಂತಿಲ್ಲ. ಚಿಕಿತ್ಸಕರು ಮೊದಲು ಪ್ರತಿಯೊಬ್ಬರನ್ನೂ ಬೇರೆಯಾಗಿ ಕಂಡು ಮಾತಾಡಿಸುತ್ತಾರೆ. ತೊಂದರೆ ಏನು, ಎಷ್ಟು ದಿನದಿಂದ, ಔಷಧಿ ನಡೆಯುತ್ತಿದೆಯೇ, ಆತ್ಮಹತ್ಯೆಯ ಯೋಚನೆ ಬಂದಿತ್ತೇ, ಗುಂಪಿನಲ್ಲಿ ಕೂರುವ ಸ್ಥಿತಿ ಇದೆಯೇ ಎಂದು ತೂಗಿನೋಡುತ್ತಾರೆ. ಕೆಲವರಿಗೆ ಈಗ ಬೇಡ ಎಂದು ಹೇಳುವುದೂ ಚಿಕಿತ್ಸೆಯ ಭಾಗವೇ. ಏಳೆಂಟು ಮಂದಿ ಇದ್ದರೆ ಸರಿಯಾದ ಅಳತೆ ಎಂಬುದು ಯಾಲಮ್ ಅವರ ಲೆಕ್ಕ. ವಾರಕ್ಕೊಮ್ಮೆ, ಗೊತ್ತಾದ ದಿನ, ಸಾಮಾನ್ಯವಾಗಿ ಒಂದೂವರೆ ಗಂಟೆ. ತಪ್ಪಿಸಿದರೆ ಕಾರಣ ಹೇಳಬೇಕು, ಬಿಡುವುದಾದರೆ ಗುಂಪಿಗೆ ಮುಂಚಿತವಾಗಿ ತಿಳಿಸಿ ಬಿಡಬೇಕು. ಚಿಕಿತ್ಸಕರು ತಮ್ಮ ಸ್ವಂತ ಸಂಸಾರದ ಕಥೆಯನ್ನು ಅಲ್ಲಿ ಬಿಚ್ಚುವುದು ಅಪರೂಪ. ಅವರು ಕೂತಿರುವುದು ತಮ್ಮ ಹಗುರಕ್ಕಾಗಿ ಅಲ್ಲ.

ಎರಡರ ನಡುವಿನ ಮುಖ್ಯ ವ್ಯತ್ಯಾಸ ಚಿಕಿತ್ಸಕರು ಇದ್ದಾರೆಯೇ ಇಲ್ಲವೇ ಎಂಬಲ್ಲಿಗೆ ಮುಗಿಯುವುದಿಲ್ಲ. ಗುಂಪಿನವರ ನಡುವೆ ಆ ಹೊತ್ತಿಗೆ ನಡೆಯುವುದನ್ನು ಏನು ಮಾಡುತ್ತಾರೆ ಎಂಬಲ್ಲಿ ಅದು ಇದೆ. ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಮಧ್ಯವಯಸ್ಸಿನ ಹೆಂಗಸೊಬ್ಬರು ಪ್ರತಿ ವಾರವೂ ತಮ್ಮ ಸರದಿ ಬಂದಾಗ 'ನಂದೇನು ಅಂಥ ದೊಡ್ಡ ವಿಷಯ ಅಲ್ಲ ಬಿಡಿ, ಅವರು ಮಾತಾಡಲಿ' ಎಂದು ಪಕ್ಕದವರ ಕಡೆ ಕೈತೋರುತ್ತಾರೆ. ಬೆಂಬಲ ಗುಂಪಿನಲ್ಲಾದರೆ ಆ ಮಾತನ್ನು ಎಲ್ಲರೂ ಹಾಗೆಯೇ ಒಪ್ಪಿಕೊಳ್ಳುತ್ತಾರೆ. ಬಲವಂತವಿಲ್ಲ. ಸಭೆ ಮುಗಿದು ಚಹಾ ಕುಡಿಯುವಾಗ ಹಳೆಯ ಸದಸ್ಯೆಯೊಬ್ಬರು ಹತ್ತಿರ ಬಂದು, 'ಮೊದಮೊದಲು ನಾನೂ ಹಿಂಗೇ ಇದ್ದೆ ಕಣಮ್ಮ, ಬಾಯೇ ಬಿಡ್ತಿರಲಿಲ್ಲ' ಎನ್ನುತ್ತಾರೆ. ಅಷ್ಟರಿಂದಲೇ ಆಕೆಗೆ ಎಷ್ಟೋ ಹಗುರವಾಗುತ್ತದೆ, ಮುಂದೊಂದು ದಿನ ತಾನಾಗಿಯೇ ಬಾಯಿ ಬಿಡುತ್ತಾರೆ.

ಗುಂಪು ಚಿಕಿತ್ಸೆಯಲ್ಲಿ ಅದೇ ಮಾತು ಬಂದಾಗ ಚಿಕಿತ್ಸಕರು ಅಲ್ಲಿ ತಡೆದು ನಿಲ್ಲುತ್ತಾರೆ. 'ಈಗ ಇವರು ತಮ್ಮ ಸರದಿಯನ್ನು ಬಿಟ್ಟುಕೊಟ್ಟರಲ್ಲ, ನಿಮಗೆಲ್ಲ ಏನನ್ನಿಸಿತು?' ಎಂದು ಉಳಿದವರನ್ನು ಕೇಳುತ್ತಾರೆ. ಒಬ್ಬರು 'ಪಾಪ ಅನ್ನಿಸಿತು' ಎನ್ನಬಹುದು. ಇನ್ನೊಬ್ಬರು ಸ್ವಲ್ಪ ತಡವರಿಸಿ, 'ನನಗೆ ಬೇಜಾರಾಯಿತು. ನಮ್ಮನ್ನ ಇವರು ನಂಬೋದೇ ಇಲ್ಲವೇನೋ ಅನ್ನಿಸುತ್ತೆ' ಎನ್ನಬಹುದು. ಆಕೆ ಬೆಚ್ಚುತ್ತಾರೆ. ಬಿಟ್ಟುಕೊಡುವುದು ಒಳ್ಳೆಯತನ ಎಂದೇ ಹುಟ್ಟಿದ ಮನೆಯಲ್ಲಿ ಕಲಿತವರು ಅವರು. ಅದು ಎದುರಿನವರನ್ನು ದೂರ ತಳ್ಳುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಂಡ, ಮಕ್ಕಳು, ಕಚೇರಿಯವರು ಯಾಕೆ ತಮ್ಮಿಂದ ದೂರವೇ ಉಳಿದರು ಎಂಬ ಪ್ರಶ್ನೆಗೆ ಇಲ್ಲಿ ಒಂದು ಎಳೆ ಸಿಗುತ್ತದೆ. ಹೊರಗಿನ ಬದುಕಿನಲ್ಲಿ ಮಾಡುವುದನ್ನೇ ಮನುಷ್ಯರು ಗುಂಪಿನೊಳಗೂ ಮಾಡುತ್ತಾರೆ, ಅದನ್ನು ಅಲ್ಲೇ ಹಿಡಿದು ನೋಡಬಹುದು, ಬೇರೆ ರೀತಿಯಲ್ಲಿ ನಡೆದುಕೊಂಡು ನೋಡಬಹುದು ಎಂಬುದು ಈ ಚಿಕಿತ್ಸೆಯ ತಳಹದಿ. ಎಲ್ಲ ಬಗೆಯ ಗುಂಪು ಚಿಕಿತ್ಸೆಯೂ ಇದೇ ದಾರಿಯಲ್ಲಿ ನಡೆಯುವುದಿಲ್ಲ. ಆತಂಕ, ಖಿನ್ನತೆಗಳಿಗೆ ಯೋಚನೆಯ ಜಾಡು ತಿದ್ದುವ ಗುಂಪುಗಳಲ್ಲಿ ಪಾಠ, ಮನೆಗೆಲಸ, ಅಭ್ಯಾಸಗಳೇ ಹೆಚ್ಚು. ಆದರೂ ಅಲ್ಲಿ ನಡೆಯುವುದಕ್ಕೆ ಒಂದು ಗುರಿ, ಒಂದು ಯೋಜನೆ, ಅದನ್ನು ಅಳೆಯುವ ಒಬ್ಬ ಪರಿಣತರು ಇದ್ದೇ ಇರುತ್ತಾರೆ.

ಹೀಗಾಗಿ ಒಂದು ಕಡೆ ನಿಷೇಧವಾದದ್ದೇ ಇನ್ನೊಂದು ಕಡೆ ಔಷಧಿ. ಒಬ್ಬರು ಹೇಳಿದ್ದರ ಮೇಲೆ ಇನ್ನೊಬ್ಬರು ಮಾತಾಡುವುದನ್ನು ಎಎ ಸಭೆ ಬಿಡುವುದಿಲ್ಲ. ಅದಕ್ಕೆ ಒಳ್ಳೆಯ ಕಾರಣವಿದೆ. ನೊಂದವರಿಗೆ ಎದುರಾಡಿದಾಗ ಏಳುವ ಬಿರುಗಾಳಿಯನ್ನು ಹಿಡಿದು ನಿಲ್ಲಿಸಬಲ್ಲ ತರಬೇತಿಯವರು ಅಲ್ಲಿಲ್ಲ. ಗುಂಪು ಚಿಕಿತ್ಸೆಯಲ್ಲಿ ಅಂಥವರಿದ್ದಾರೆ, ಆದ್ದರಿಂದ ಎದುರುಮಾತಿಗೆ ಜಾಗ ಕೊಡಬಹುದು. ತರಬೇತಿಯಿಲ್ಲದ ಉತ್ಸಾಹಿಗಳು 'ಮನಸ್ಸಿನಲ್ಲಿರೋದನ್ನೆಲ್ಲ ಮುಖಕ್ಕೆ ಹೇಳಿಬಿಡಿ' ಎಂದು ನಡೆಸುವ ಶಿಬಿರಗಳು ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ. ಮನಸ್ಸನ್ನು ಬಿಚ್ಚಿಸುವುದು ಸುಲಭ. ಬಿಚ್ಚಿದ್ದನ್ನು ಮತ್ತೆ ಹೊಂದಿಸಿಕೊಡುವುದಕ್ಕೆ ವರ್ಷಗಳ ಕಲಿಕೆ ಬೇಕು.

ಗುಂಪಿನ ಹೊರಗಿನ ಒಡನಾಟದ ವಿಷಯದಲ್ಲೂ ಎರಡು ಪದ್ಧತಿಗಳು ಎದುರುಬದುರು ನಿಲ್ಲುತ್ತವೆ. ಎಎಯಲ್ಲಿ ಹೊಸಬರು ಹಳಬರೊಬ್ಬರನ್ನು ಸ್ಪಾನ್ಸರ್ ಆಗಿ ಆರಿಸಿಕೊಳ್ಳುತ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ಕುಡಿಯಬೇಕೆಂಬ ತವಕ ಹತ್ತಿದರೆ ಮೊದಲು ಫೋನ್ ಮಾಡಬೇಕಾದ್ದು ಅವರಿಗೆ. ಹಬ್ಬಹರಿದಿನ, ಮದುವೆಮನೆ, ಸಾವಿನ ಮನೆಗಳಲ್ಲಿ ಸದಸ್ಯರು ಜೊತೆಯಾಗುತ್ತಾರೆ. ಹಳೆಯ ಕುಡಿತದ ಗೆಳೆತನ ಬಿಟ್ಟವರಿಗೆ ಹೊಸ ಗೆಳೆತನ ಬೇಕೇ ಬೇಕಲ್ಲ. ಗುಂಪು ಚಿಕಿತ್ಸೆಯಲ್ಲಿ ಇದಕ್ಕೆ ತಡೆಯಿದೆ. ಇಬ್ಬರು ಹೊರಗೆ ಆಪ್ತರಾದರೆ ಗುಂಪಿನೊಳಗೆ ಪರಸ್ಪರರನ್ನು ಕಾಪಾಡತೊಡಗುತ್ತಾರೆ, ಹೇಳಬೇಕಾದ ಮಾತು ಒಳಗೇ ಉಳಿಯುತ್ತದೆ. ಆದ್ದರಿಂದ ಹೊರಗಿನ ಭೇಟಿಯನ್ನು ಆದಷ್ಟು ಬೇಡ ಎನ್ನುತ್ತಾರೆ, ಹಾಗೇನಾದರೂ ಭೇಟಿಯಾದರೆ ಅದನ್ನು ಗುಂಪಿನ ಮುಂದೆ ತರಬೇಕು ಎನ್ನುತ್ತಾರೆ. ಒಂಟಿತನವೇ ಮುಖ್ಯ ಕಷ್ಟವಾಗಿರುವವರಿಗೆ ಬೆಂಬಲ ಗುಂಪು ಕೊಡುವಷ್ಟನ್ನು ಗುಂಪು ಚಿಕಿತ್ಸೆ ಕೊಡಲಾರದು ಎಂದು ಧೈರ್ಯವಾಗಿಯೇ ಹೇಳಬಹುದು.

ಗುಟ್ಟು ಕಾಯುವ ಹೊಣೆಯೂ ಒಂದೇ ಬಗೆಯದಲ್ಲ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ವಿವರಗಳನ್ನು ಗೋಪ್ಯವಾಗಿಡುವ ಕರ್ತವ್ಯವನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸಿದೆ. ಜೀವಕ್ಕೆ ಅಪಾಯವಿದ್ದಾಗ ಏನು ಮಾಡಬಹುದು ಎಂಬುದನ್ನೂ ಅದು ಹೇಳುತ್ತದೆ. ಚಿಕಿತ್ಸಕರು ಟಿಪ್ಪಣಿ ಇಡುತ್ತಾರೆ, ತಮಗಿಂತ ಅನುಭವಿಗಳ ಸಲಹೆ ಪಡೆಯುತ್ತಾರೆ, ತಪ್ಪಿ ನಡೆದರೆ ಕೇಳುವವರಿದ್ದಾರೆ. ಬೆಂಬಲ ಗುಂಪಿನಲ್ಲಿ ಕಾಗದಪತ್ರವೇ ಇಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಲಿ ಎಂಬ ಪರಸ್ಪರ ನಂಬಿಕೆಯಷ್ಟೇ ಕಾವಲು. ಎಲ್ಲರ ಗುಟ್ಟೂ ಎಲ್ಲರ ಕೈಯಲ್ಲಿರುವುದರಿಂದ ಆ ಕಾವಲು ಬಹುಮಟ್ಟಿಗೆ ಗಟ್ಟಿಯಾಗಿಯೇ ನಿಂತಿದೆ. ಆದರೂ ಚಿಕ್ಕ ಊರುಗಳಲ್ಲಿ, ಪಕ್ಕದ ಬೀದಿಯವರೇ ಎದುರಿಗೆ ಕೂರುವ ಕಡೆ, ಹೆಂಗಸರು ಹಿಂಜರಿಯುವುದು ಸಹಜ.

ಪರಿಣಾಮದ ಮಾತಿಗೆ ಬಂದರೆ, ಪಂಡಿತರ ವಲಯದಲ್ಲಿ ಬೆಂಬಲ ಗುಂಪುಗಳನ್ನು ಬಹುಕಾಲ ಕೀಳಾಗಿ ನೋಡಲಾಗುತ್ತಿತ್ತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆ ಆ ಧೋರಣೆಯನ್ನು ಅಲುಗಾಡಿಸಿತು. 27 ಅಧ್ಯಯನಗಳ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಅದು ತೂಗಿನೋಡಿತು. ಜನರನ್ನು ಎಎ ಕಡೆಗೆ ಕ್ರಮಬದ್ಧವಾಗಿ ಕರೆದೊಯ್ಯುವ ಕಾರ್ಯಕ್ರಮಗಳು, ಪೂರ್ತಿಯಾಗಿ ಕುಡಿತ ಬಿಟ್ಟಿರುವ ಮಟ್ಟಿಗೆ, ಹೆಸರಾದ ಇತರ ಮನೋಚಿಕಿತ್ಸೆಗಳಿಗಿಂತ ಮುಂದೆ ಇದ್ದವು. ಇಲ್ಲೊಂದು ಸೂಕ್ಷ್ಮವನ್ನು ಮರೆಯಬಾರದು. ಹಾಗೆ ಕರೆದೊಯ್ದವರು ಬಹುಮಟ್ಟಿಗೆ ತರಬೇತಾದ ಚಿಕಿತ್ಸಕರೇ. ಎರಡೂ ಕೈ ಸೇರಿದಾಗ ಸಿಕ್ಕ ಫಲ ಅದು.

ಗುಂಪು ಚಿಕಿತ್ಸೆಯ ಇತಿಹಾಸದಲ್ಲೂ ಇಂಥದೇ ಒಂದು ಘಟನೆಯಿದೆ. ಸ್ಟ್ಯಾನ್‌ಫರ್ಡಿನ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ದೇಹದ ಬೇರೆ ಭಾಗಗಳಿಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಅಧ್ಯಯನವನ್ನು 1989ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪು ಚಿಕಿತ್ಸೆಯಲ್ಲಿ ಕೂತವರು, ಕೂರದವರಿಗಿಂತ ಸರಾಸರಿ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದರು ಎಂಬ ಅದರ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಆ ಗುಂಪುಗಳನ್ನು ನಡೆಸಿದ್ದು ಮನೋವೈದ್ಯರು ಅಥವಾ ಸಮಾಜಕಾರ್ಯಕರ್ತರ ಜೊತೆಗೆ, ಸ್ವತಃ ಅದೇ ಕ್ಯಾನ್ಸರಿನಿಂದ ಚೇತರಿಸಿಕೊಂಡ ಸಲಹೆಗಾರ್ತಿಯೊಬ್ಬರು. ಆದರೆ 2001ರಲ್ಲಿ ಕೆನಡಾದ ಪಮೇಲಾ ಗುಡ್ವಿನ್ ಮತ್ತಿತರರು 235 ಮಹಿಳೆಯರೊಂದಿಗೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಆಯುಸ್ಸು ಹೆಚ್ಚಾದದ್ದು ಕಾಣಲಿಲ್ಲ. ನೋವಿನ ಬಾಧೆ, ಮನಸ್ಸಿನ ಸಂಕಟ ಕಡಿಮೆಯಾದದ್ದು ಕಂಡಿತು. ಸಾವಿನ ಹೊಸ್ತಿಲಲ್ಲಿರುವವರ ಸಂಕಟ ಕಡಿಮೆಯಾಯಿತು ಎಂಬುದು ಸಣ್ಣ ಫಲವೇನಲ್ಲ.

ಕರ್ನಾಟಕದಲ್ಲಿ ಈ ಎರಡೂ ಧಾರೆಗಳು ಹರಿಯುತ್ತಿವೆ. ಭಾರತಕ್ಕೆ 1950ರ ದಶಕದಲ್ಲಿ ಬಂದ ಎಎಯ ಸಭೆಗಳು ಬೆಂಗಳೂರು, ಮಂಗಳೂರುಗಳಂಥ ನಗರಗಳಲ್ಲಿ ನಡೆಯುತ್ತವೆ. ಕನ್ನಡದಲ್ಲೇ ನಡೆಯುವ ಸಭೆಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಹಳ್ಳಿಗಳ ಮಟ್ಟಿಗೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ. ಸುಮಾರು ಒಂದು ವಾರ ಊರಿನ ಭವನವೊಂದರಲ್ಲಿ ಒಟ್ಟಿಗೆ ಉಳಿದು, ಸಲಹೆ, ಭಜನೆ, ಯೋಗಗಳಲ್ಲಿ ತೊಡಗಿ ಹೊರಬಂದವರು, ನಂತರ ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಶಿಬಿರದಲ್ಲಿ ಬಿಡುವುದಕ್ಕಿಂತ ಊರಿಗೆ ಮರಳಿ ಬಿಟ್ಟೇ ಇರುವುದು ಕಷ್ಟ. ಆ ಕಷ್ಟದ ಕೆಲಸ ನಡೆಯುವುದು ಈ ಸಮಿತಿಯಂಥ ಬೆಂಬಲ ಗುಂಪಿನಲ್ಲೇ.

ಮನೆಯವರಿಗೂ ಗುಂಪು ಬೇಕು ಎಂಬುದು ಇನ್ನೂ ಹಲವರಿಗೆ ಹೊಳೆದಿಲ್ಲ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಕುಡಿಯುವವರ ಕುಟುಂಬದವರಿಗಾಗಿ ಅಲ್-ಅನಾನ್ ಕಟ್ಟಿದರು. ಗಂಡನ ಕುಡಿತ ತನ್ನ ತಪ್ಪಿನಿಂದ ಎಂದು ನಂಬಿಕೊಂಡ ಹೆಣ್ಣಿಗೆ, ಹಾಗಲ್ಲ ಎಂದು ವೈದ್ಯರು ಹತ್ತು ಸಲ ಹೇಳುವುದಕ್ಕಿಂತ ಅದೇ ನಂಬಿಕೆಯಲ್ಲಿ ಇಪ್ಪತ್ತು ವರ್ಷ ಬೆಂದ ಇನ್ನೊಬ್ಬಳು ಒಂದು ಸಲ ಹೇಳಿದರೆ ನಾಟುತ್ತದೆ.

ಬೆಂಬಲ ಗುಂಪಿನ ಮಿತಿಗಳನ್ನೂ ಅಷ್ಟೇ ನೇರವಾಗಿ ಹೇಳಬೇಕು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಕೈಕಾಲು ನಡುಗಿ ಸನ್ನಿ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಆ ದಿನಗಳು ಆಸ್ಪತ್ರೆಗೆ ಸೇರಿದವು, ಸಭೆಗೆ ಅಲ್ಲ. ಇಲ್ಲದ ದನಿಗಳು ಕೇಳಿಸುವವರು, ಸಾಯುವ ಯೋಚನೆ ಬಲವಾದವರು ಮೊದಲು ವೈದ್ಯರ ಬಳಿ ಹೋಗಬೇಕು. 'ನಾನು ಮಾತ್ರೆ ಬಿಟ್ಟೇ ಸರಿಹೋದೆ, ನೀವೂ ಬಿಡಿ' ಎಂದು ಗುಂಪಿನಲ್ಲಿ ಯಾರಾದರೂ ಹೇಳಿದರೆ ಅದನ್ನು ಕೇಳಬಾರದು. ಒಬ್ಬರ ಅನುಭವ ಅವರ ಮಟ್ಟಿಗೆ ಸತ್ಯ, ಇನ್ನೊಬ್ಬರ ಔಷಧಿಯ ಚೀಟಿಗೆ ಅದು ಆಧಾರವಾಗಲಾರದು. ಗುಂಪು ಚಿಕಿತ್ಸೆಯ ಮಿತಿ ಬೇರೆ ಕಡೆ ಇದೆ. ಅದಕ್ಕೆ ದುಡ್ಡು ಬೇಕು, ಪರಿಣತರು ಬೇಕು, ಅವರು ದೊಡ್ಡ ಊರುಗಳಲ್ಲೇ ಹೆಚ್ಚು. ಮೇಲಾಗಿ ಅದು ಒಂದು ದಿನ ಮುಗಿಯುತ್ತದೆ, ಮುಗಿಯಲೂಬೇಕು. ಮೂವತ್ತು ವರ್ಷ ಪ್ರತಿ ವಾರ ತೆರೆದಿರುವ ಬಾಗಿಲು ಬೆಂಬಲ ಗುಂಪಿನದು ಮಾತ್ರ.

ಗುಂಪೊಂದಕ್ಕೆ ಸೇರುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ನಡೆಸುವವರು ಯಾರು? ಅವರು ತಮ್ಮನ್ನು ಚಿಕಿತ್ಸಕರೆಂದು ಕರೆದುಕೊಳ್ಳುವುದಾದರೆ ಅವರ ವಿದ್ಯಾರ್ಹತೆ, ನೋಂದಣಿ ಏನು? ಇಲ್ಲಿ ಹೇಳಿದ್ದು ಎಲ್ಲಿ ಉಳಿಯುತ್ತದೆ? ತುರ್ತು ಬಂದರೆ ಯಾರನ್ನು ಕರೆಯಬೇಕು? ಬೆಂಬಲ ಗುಂಪಾದರೆ 'ನಾವೂ ನಿಮ್ಮಂಥವರೇ' ಎಂಬುದೇ ಪ್ರಾಮಾಣಿಕ ಉತ್ತರ, ಅದರಲ್ಲಿ ಕೊರತೆಯೇನೂ ಇಲ್ಲ. ಎರಡರಲ್ಲೂ ಒಟ್ಟಿಗೆ ಇರಲು ಅಡ್ಡಿಯಿಲ್ಲ, ಹಲವರಿಗೆ ಅದೇ ಒಳ್ಳೆಯದು. ಎಲ್ಲಿಂದ ಶುರುಮಾಡಬೇಕೆಂದು ತೋಚದವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.